ಹಾಸಿಗೆಗಳ ಎಣಿಕೆಯೂ ಆರೈಕೆಯ ಮೌಲ್ಯವೂ

ವೃದ್ಧರ ಪಾಲನೆಯ ಹೊಣೆಯನ್ನು ಸರ್ಕಾರವು ಹೊತ್ತುಕೊಂಡಾಗ ಆ ಪಾಲನೆಯ ಗುಣವನ್ನು ಯಾವ ಮಾನದಂಡದಿಂದ ಅಳೆಯಬೇಕು? ಈ ಪ್ರಶ್ನೆಯನ್ನು ಆಡಳಿತಗಾರರಿಗೆ ಬಿಟ್ಟು ಸುಮ್ಮನಿರುವುದು ರೂಢಿಯಾಗಿದೆ. ಆದರೆ ವಿಚಾರಿಸಿ ನೋಡಿದರೆ ಇದು ಮೊದಲಿಗೆ ನೀತಿಯ ಪ್ರಶ್ನೆ. ಶಾಲೆಯೊಂದು ಕೆಟ್ಟದೆಂದು ತಿಳಿದರೆ ತಂದೆತಾಯಿಗಳು ಮಗುವನ್ನು ಬಿಡಿಸಿ ಬೇರೊಂದು ಶಾಲೆಗೆ ಸೇರಿಸಬಹುದು. ಆಸ್ಪತ್ರೆಯಿಂದ ಗುಣಮುಖನಾಗಿ ಬಂದ ರೋಗಿ ಅಲ್ಲಿನ ಉಪಚಾರ ಹೇಗಿತ್ತೆಂದು ಊರಿಗೆಲ್ಲ ಹೇಳಬಹುದು. ದಿಕ್ಕಿಲ್ಲದೆ ಆಶ್ರಯಗೃಹವನ್ನು ಸೇರಿದ ವೃದ್ಧನಿಗೆ ಈ ಎರಡು ಅನುಕೂಲಗಳೂ ಇಲ್ಲ. ಅವನು ಬಿಟ್ಟುಹೋಗಲು ಬೇರೆ ತಾವಿಲ್ಲ. ಅವನು ಹೇಳಿದ್ದನ್ನು ಕೇಳಲು ಹೊರಗೆ ಯಾರೂ ಕಾದಿಲ್ಲ. ದೂರು ಕೊಟ್ಟ ಮರುದಿನವೂ ಅದೇ ಕೈಗಳಿಂದಲೇ ಅವನು ಉಣ್ಣಬೇಕು. ಆದ್ದರಿಂದ ಇಂಥ ಮನೆಯ ಗುಣದೋಷಗಳನ್ನು ತೂಗುವ ಕೆಲಸ ಹೊರಗಿನವರ ಪಾಲಿಗೆ ಬರುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ನಿಂತು ಈ ವಿಷಯವನ್ನು ನೋಡುವುದು ಉಪಯುಕ್ತ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯ ದಡದಲ್ಲಿ, ಮೈಸೂರು ಜಿಲ್ಲೆ ಮುಗಿಯುವ ಅಂಚಿನಲ್ಲಿ ಈ ಊರಿದೆ. ಸೇತುವೆ ದಾಟಿದರೆ ಕುಶಾಲನಗರ. ಅದು ಕೊಡಗು ಜಿಲ್ಲೆ. ಊರಿನ ಮಗ್ಗುಲಲ್ಲೇ ಬೈಲಕುಪ್ಪೆಯ ಟಿಬೆಟನ್ ವಸತಿಗಳಿವೆ. ಸುತ್ತಲಿನ ಸೀಮೆ ಹೊಗೆಸೊಪ್ಪು, ಮುಸುಕಿನಜೋಳ, ರಾಗಿ ಬೆಳೆಯುವ ಸೀಮೆ. ಮಳೆಯನ್ನೂ ಹರಾಜು ಕಟ್ಟೆಯ ದರವನ್ನೂ ನಂಬಿದ ಈ ಬೇಸಾಯ ಮನೆಯ ಎಲ್ಲ ಮಕ್ಕಳನ್ನೂ ಊರಲ್ಲೇ ಉಳಿಸಿಕೊಳ್ಳಲಾರದು. ಕಿರಿಯರು ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಹಿರಿಯರು ಮನೆ ಕಾಯುತ್ತಾರೆ. ಕಾಯುವ ಶಕ್ತಿ ಇರುವವರೆಗೆ ಇದರಲ್ಲಿ ಕಷ್ಟವಿಲ್ಲ. ಸೊಂಟ ಮುರಿದ ದಿನ, ಪಾರ್ಶ್ವವಾಯು ಬಡಿದ ದಿನ, ನೆನಪು ಜಾರತೊಡಗಿದ ದಿನ ಕಷ್ಟ ಆರಂಭವಾಗುತ್ತದೆ.

ಆಗ ಕಾನೂನು ಏನು ಕೊಡುತ್ತದೆ? ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ 2007ರ ಡಿಸೆಂಬರಿನಲ್ಲಿ ಜಾರಿಗೆ ಯೋಗ್ಯವಾದ ರೂಪ ಪಡೆಯಿತು. ಕರ್ನಾಟಕದ ನಿಯಮಗಳು 2009ರಲ್ಲಿ ಬಂದವು. ಮಕ್ಕಳಿಂದ ಜೀವನಾಂಶ ಕೇಳುವ ವೃದ್ಧರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕೊಪ್ಪದವರಿಗೆ ಅದು ಸುಮಾರು 40 ಕಿಲೋಮೀಟರು ದೂರದ ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ ನಡೆಯುತ್ತದೆ. ಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲ ಎಂದು ಕಾಯ್ದೆ ಬರೆದಿಟ್ಟಿತು. ಬಡವನಿಗೆ ಖರ್ಚು ಉಳಿಯಲಿ ಎಂಬ ಸದುದ್ದೇಶ ಅದರ ಹಿಂದಿದೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಕಾಯ್ದೆ ಅಂಗೀಕರಿಸಿತು. ತನ್ನ ಪಾಲನೆಯಲ್ಲಿರುವ ವೃದ್ಧರನ್ನು ಸಂಪೂರ್ಣ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಬಂದವನಿಗೆ 3 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ 24ನೆಯ ಕಲಮು ವಿಧಿಸುತ್ತದೆ.

ಮಕ್ಕಳೇ ಇಲ್ಲದವರಿಗೆ, ಇದ್ದೂ ಕಡುಬಡವರಾದ ಮಕ್ಕಳನ್ನು ಪಡೆದವರಿಗೆ 19ನೆಯ ಕಲಮು ಆಧಾರ. ರಾಜ್ಯ ಸರ್ಕಾರವು ಹಂತಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಇಂಬಾಗುವ ಆಶ್ರಯಗೃಹಗಳನ್ನು ಸುಗಮವಾಗಿ ತಲುಪಬಹುದಾದ ಸ್ಥಳಗಳಲ್ಲಿ ಸ್ಥಾಪಿಸಬಹುದು ಎಂದು ಅದು ಹೇಳುತ್ತದೆ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಸರ್ವೋಚ್ಚ ನ್ಯಾಯಾಲಯವು ಅಶ್ವನಿ ಕುಮಾರ್ ಮೊಕದ್ದಮೆಯಲ್ಲಿ 2018ರ ಡಿಸೆಂಬರ್ 13ರಂದು ತೀರ್ಪು ನೀಡುವಾಗ ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ವಿವರವನ್ನು ರಾಜ್ಯಗಳಿಂದ ಕಲೆಹಾಕಬೇಕೆಂದು ಕೇಂದ್ರಕ್ಕೆ ಹೇಳಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷಗಳಾದ ಮೇಲೂ ಮನೆಗಳೆಷ್ಟಿವೆ ಎಂಬ ಎಣಿಕೆಯೇ ಪೂರ್ಣವಾಗಿರಲಿಲ್ಲವೆಂದರೆ, ಅವುಗಳೊಳಗಿನ ಆರೈಕೆ ಹೇಗಿದೆ ಎಂಬ ವಿಚಾರಣೆ ಎಷ್ಟು ದೂರವಿದ್ದಿರಬೇಕೆಂದು ವಾಚಕರೇ ಊಹಿಸಬಹುದು.

ಎರಡನೆಯದು 150 ಎಂಬ ಸಂಖ್ಯೆ. ಜಿಲ್ಲೆಗೆ ಒಂದೇ ದೊಡ್ಡ ಮನೆ ಎಂದ ಕೂಡಲೇ ಅದು ಜಿಲ್ಲಾಕೇಂದ್ರದಲ್ಲೋ ಅದರ ಆಸುಪಾಸಿನಲ್ಲೋ ನಿಲ್ಲುವುದು ಸಹಜ. ಕೊಪ್ಪದಿಂದ ಮೈಸೂರು ಸುಮಾರು 80 ಕಿಲೋಮೀಟರು. ಕೊಪ್ಪದ ಮುದುಕಿಯೊಬ್ಬಳು ಅಲ್ಲಿಗೆ ಸೇರಿದರೆ ನೆರೆಮನೆಯವರು ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುವುದು ಸಾಧ್ಯವಿಲ್ಲ. ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಅದಕ್ಕೆ ಅಡ್ಡಬರುತ್ತವೆ. ಸೇತುವೆಯಾಚೆಯ ಕುಶಾಲನಗರ ಅವಳ ಸಂತೆಯ ಊರು, ಆಸ್ಪತ್ರೆಯ ಊರು. ಆದರೆ ಅದು ಬೇರೆ ಜಿಲ್ಲೆ. ಹೀಗೆ, ಜಿಲ್ಲೆಯೆಂಬ ಆಡಳಿತದ ಗೆರೆಯೇ ಆಶ್ರಯದ ಅಳತೆಗೋಲಾದಾಗ, ಗಡಿಯಂಚಿನ ಊರಿನವರಿಗೆ ಅತ್ಯಂತ ಹತ್ತಿರದ್ದು ದಕ್ಕದೆ ಅತ್ಯಂತ ದೂರದ್ದು ದಕ್ಕುತ್ತದೆ. ಕೇಂದ್ರದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಮನೆಗಳಲ್ಲಿ 25 ಮಂದಿಯ ಪ್ರಮಾಣವೂ ಅಂಗೀಕೃತವಾಗಿದೆ. ಸಣ್ಣ ಮನೆ ಅಸಾಧ್ಯವಲ್ಲ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು.

ಇನ್ನು ಗುಣದ ವಿಚಾರ. ಆರೈಕೆಯ ಗುಣವನ್ನು ಪರೀಕ್ಷಿಸುವ ಬಗೆಯನ್ನು 1966ರಲ್ಲಿ ಅವೇಡಿಸ್ ಡೊನಬೇಡಿಯನ್ ಎಂಬ ವೈದ್ಯವಿದ್ವಾಂಸರು ಮೂರು ಭಾಗ ಮಾಡಿ ತೋರಿಸಿದರು. ಕಟ್ಟಡ, ಸಲಕರಣೆ, ಸಿಬ್ಬಂದಿ ಮೊದಲಾದ ಏರ್ಪಾಟು ಒಂದು. ದಿನದಿನವೂ ನಡೆಯುವ ಉಪಚಾರದ ಕ್ರಮ ಎರಡು. ಆ ಉಪಚಾರದಿಂದ ಮನುಷ್ಯನಿಗೆ ಆದ ಫಲ ಮೂರು. ಈ ವಿಂಗಡಣೆಯನ್ನು ಹಿಡಿದು ನೋಡಿದರೆ, ನಮ್ಮ ದೇಶದ ತಪಾಸಣೆ ಬಹುಮಟ್ಟಿಗೆ ಮೊದಲನೆಯದರಲ್ಲೇ ನಿಂತುಹೋಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಕೋಣೆಯ ವಿಸ್ತೀರ್ಣ, ಶೌಚಾಲಯಗಳ ಸಂಖ್ಯೆ, ಮಂಚ, ಕಪಾಟು, ಅಡಿಗೆಮನೆ, ದೂರದರ್ಶನ ಇವೆಲ್ಲ ಎಣಿಸಲು ಬರುತ್ತವೆ. ಒಂದು ಮಧ್ಯಾಹ್ನದ ಭೇಟಿಯಲ್ಲಿ ನೋಡಿ ಮುಗಿಸಬಹುದು. ಇವು ಅನಗತ್ಯವೆಂದು ಯಾರೂ ಹೇಳಲಾರರು. ಮೆಟ್ಟಿಲ ಬದಲು ಇಳಿಜಾರು ದಾರಿ ಇಲ್ಲದಿದ್ದರೆ, ಬಚ್ಚಲಿನಲ್ಲಿ ಹಿಡಿಕೆ ಇಲ್ಲದಿದ್ದರೆ ಬಿದ್ದು ಮೂಳೆ ಮುರಿಯುವುದು ವೃದ್ಧರೇ. ಆದರೆ ಸುಣ್ಣ ಬಳಿದ ಗೋಡೆಯ ಕೆಳಗೆ ಮಲಗಿರುವವನ ಬೆನ್ನಿನಲ್ಲಿ ಏನಿದೆ ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಬೆನ್ನಿನ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ತಾನಾಗಿ ಹೊರಳಲಾರದವನನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಕೆಂಪಾದದ್ದು ಹುಣ್ಣಾಗುತ್ತದೆ, ಹುಣ್ಣು ಮೂಳೆಯವರೆಗೂ ಇಳಿಯಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ದಾದಿಯರ ಹಳೆಯ ಪದ್ಧತಿ. ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಬ್ಬನಿಗೆ ದಿನಕ್ಕೆ 12 ಸಲ. 150 ಮಂದಿಯ ಮನೆಯಲ್ಲಿ ಹಾಸಿಗೆ ಹಿಡಿದವರು 10 ಮಂದಿ ಎಂದಿಟ್ಟುಕೊಂಡರೆ 120 ಸಲ. ಒಂದು ಸಲಕ್ಕೆ ಇಬ್ಬರು ಸೇರಿ 5 ನಿಮಿಷ ಎಂದರೂ ಒಟ್ಟು 20 ಗಂಟೆಗಳ ಕೆಲಸ. ಎಂಟು ಗಂಟೆಯ ಎರಡೂವರೆ ಪಾಳಿ. ಉಣಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಸ್ನಾನ, ಔಷಧ ಇವು ಯಾವುವೂ ಇದರಲ್ಲಿ ಸೇರಿಲ್ಲ. ರಾತ್ರಿ ಒಬ್ಬಳೇ ಆಯಾ ಇರುವ ಮನೆಯಲ್ಲಿ ಈ ಕೆಲಸ ನಡೆಯುತ್ತಿದೆ ಎಂದು ದಾಖಲೆ ಹೇಳಿದರೆ ದಾಖಲೆಯನ್ನು ನಂಬಲಾಗದು. ಅವಳ ಕರುಣೆ ಎಷ್ಟೇ ದೊಡ್ಡದಿರಲಿ, ಗಣಿತವನ್ನು ಅದು ಮೀರಲಾರದು.

ಈ ಸತ್ಯ ಪ್ರಾಚೀನರಿಗೆ ತಿಳಿಯದ್ದಲ್ಲ. ಸಲ್ಲೇಖನೆಯ ವಿಧಿಯನ್ನು ವಿವರಿಸುವ ಭಗವತೀ ಆರಾಧನೆಯು ಕ್ಷಪಕನೊಬ್ಬನ ಪರಿಚರ್ಯೆಗೆ 48 ಮಂದಿ ನಿರ್ಯಾಪಕರನ್ನು ಹೇಳಿ, ಕೆಲಸಗಳನ್ನು ನಾಲ್ವರು ನಾಲ್ವರಿಗೆ ಹಂಚುತ್ತದೆ. ಏಳಿಸಿ ಕೂರಿಸಿ ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಮಲಮೂತ್ರ ತೆಗೆದು ಹಾಸಿಗೆ ಶುದ್ಧಮಾಡುವವರು, ರಾತ್ರಿ ಎಚ್ಚರವಿರುವವರು, ಬಾಗಿಲು ಕಾಯುವವರು ಹೀಗೆ ಆ ಹಂಚಿಕೆ ಸಾಗುತ್ತದೆ. ಕಾಲ ಅನುಕೂಲವಿಲ್ಲದಿದ್ದರೆ ಈ ಸಂಖ್ಯೆಯನ್ನು ಇಳಿಸುತ್ತ ಬಂದು ಕಡೆಗೆ ಇಬ್ಬರಿಗೆ ನಿಲ್ಲಿಸುತ್ತದೆ. ಒಬ್ಬನಿಗೆ ಇಳಿಸಲು ಒಪ್ಪುವುದಿಲ್ಲ. ಒಬ್ಬನೇ ಆದರೆ ತನ್ನ ಆಹಾರ ವಿಶ್ರಾಂತಿಗಳಿಗೆ ಹೋದಾಗ ರೋಗಿ ಅನಾಥ. ಹೋಗದಿದ್ದರೆ ಪರಿಚಾರಕನೇ ನಾಶ. ವ್ರತಸ್ಥನಾದ ಮುನಿಗೂ ಆಶ್ರಯಗೃಹದ ನಿರ್ಗತಿಕನಿಗೂ ಇರುವ ಅಂತರ ದೊಡ್ಡದು. ಅವರಿಬ್ಬರನ್ನು ಸಮೀಕರಿಸುವುದು ಸಲ್ಲದು. ಆದರೆ ಆ ಗ್ರಂಥ ಎಣಿಸಿದ್ದು ಪರಿಚಾರಕರನ್ನು ಎಂಬ ಸಂಗತಿ ಇಂದಿನ ತಪಾಸಣಾಧಿಕಾರಿಗಳೂ ಗಮನಿಸಬೇಕಾದದ್ದು.

ಇದರೊಡನೆ ಇನ್ನೊಂದು ಮಾತನ್ನೂ ನಿಷ್ಠುರವಾಗಿ ಹೇಳಬೇಕು. ವೈಯಾವೃತ್ಯವನ್ನು ತತ್ತ್ವಾರ್ಥಸೂತ್ರವು ಅಭ್ಯಂತರ ತಪಸ್ಸುಗಳಲ್ಲಿ ಸೇರಿಸಿದೆ. ಸಮಂತಭದ್ರರು ಅದನ್ನು ಶ್ರಾವಕರ ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ತಾನೇ ಮಾಡುವವನಿಗೆ ಅದು ತಪಸ್ಸು. ಕೂಲಿಗೆ ಬಂದವಳ ದುಡಿಮೆಗೆ ‘ಸೇವೆ’ ಎಂಬ ಹೆಸರಿಟ್ಟು ಅವಳ ಸಂಬಳವನ್ನು ಕಡಿಮೆ ಮಾಡಿದರೆ ಆ ತಪಸ್ಸಿನ ಫಲ ಯಾರಿಗೂ ಸಲ್ಲುವುದಿಲ್ಲ. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ಪದ್ಧತಿ ಈಗ ಎಲ್ಲ ಸಮಾಜಗಳಲ್ಲೂ ಬೆಳೆದಿದೆ. ಅದರ ಹಿಂದಿನ ಭಾವ ಒಳ್ಳೆಯದು. ಆದರೆ ದಾನಿಗಳು ಬರುವವರೆಗೆ ತಟ್ಟೆಯ ಮುಂದೆ ಕಾದು ಕೂರುವುದು, ಛಾಯಾಚಿತ್ರಕ್ಕೆ ಮುಖ ಕೊಡುವುದು, ಸಕ್ಕರೆ ಕಾಯಿಲೆಯವನ ಎಲೆಗೂ ಜಿಲೇಬಿ ಬೀಳುವುದು ಇವು ಆರೈಕೆಯ ಲೆಕ್ಕಕ್ಕೆ ಬರುವುದಿಲ್ಲ. ಅದೇ ಹಣ ರಾತ್ರಿಪಾಳಿಯ ಎರಡನೆಯ ಆಯಾಳ ಸಂಬಳಕ್ಕೆ ಹೋದರೆ ದಾನಿಯ ಹೆಸರು ಹಲಗೆಯ ಮೇಲೆ ಕಾಣಿಸದಿರಬಹುದು. ಹುಣ್ಣೊಂದು ಆಗದೆ ಉಳಿಯುತ್ತದೆ.

ಸರ್ಕಾರವೇ ನಡೆಸುವ ಮನೆಯಲ್ಲಿ ಹೊರಗಿನ ಕಣ್ಣು ಇಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಕರ್ನಾಟಕದಲ್ಲಿ ಕಹಿಯಾದ ನಿದರ್ಶನವಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುತ್ತಿತ್ತು. ಅಲ್ಲಿದ್ದವರಲ್ಲಿ ವೃದ್ಧರೂ ರೋಗಿಗಳೂ ಮಾನಸಿಕ ಅಸ್ವಸ್ಥರೂ ಇದ್ದರು. 2010ರ ಆಗಸ್ಟಿನಲ್ಲಿ ವಾಂತಿಭೇದಿ ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಹಲವರು ಸತ್ತಾಗ ನಾಡು ಬೆಚ್ಚಿತು. ಆಮೇಲೆ ತಿಳಿದುಬಂದ ಸಂಗತಿ ಇನ್ನೂ ಭೀಕರ: ಆ ವರ್ಷದ ಮೊದಲ ಎಂಟು ತಿಂಗಳಲ್ಲಿ ಅಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ದಾಟಿತ್ತು. ಈ ಕೇಂದ್ರಗಳಿಗಾಗಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಶೇಕಡಾ 3ರಷ್ಟು ಉಪಕರ ವಸೂಲು ಮಾಡುತ್ತವೆ; ಹಣದ ಮೂಲವೇ ಇರಲಿಲ್ಲವೆನ್ನುವಂತಿಲ್ಲ. ಸಾವುಗಳು ಪುಸ್ತಕದಲ್ಲಿ ದಾಖಲಾಗುತ್ತಲೇ ಇದ್ದವು. ತಿಂಗಳು ತಿಂಗಳೂ ಆ ಪುಟವನ್ನು ತೆರೆದು, ಏಕೆ ಎಂದು ಕೇಳುವ ಹೊಣೆ ಮಾತ್ರ ಯಾರ ಮೇಲೂ ನಿಂತಿರಲಿಲ್ಲ. ಸತ್ತವರಿಗೆ ಬಂಧುಗಳಿದ್ದಿದ್ದರೆ ಮೊದಲ ಹತ್ತು ಸಾವಿಗೇ ಬಾಗಿಲಲ್ಲಿ ಗದ್ದಲವಾಗುತ್ತಿತ್ತು.

ಇಷ್ಟರಿಂದ ಸಾವಿನ ಸಂಖ್ಯೆಯೇ ಅಳತೆಯೆಂದು ತಿಳಿಯಬಾರದು. ವೃದ್ಧಾಶ್ರಮಕ್ಕೆ ಬಂದವರು ಬಹುಪಾಲು ಅಲ್ಲಿಯೇ ತೀರಿಕೊಳ್ಳುತ್ತಾರೆ; ಅತಿ ದುರ್ಬಲರನ್ನು ತೆಗೆದುಕೊಳ್ಳುವ ಒಳ್ಳೆಯ ಮನೆಯಲ್ಲಿ ಸಾವು ಹೆಚ್ಚಿರಬಹುದು, ಗಟ್ಟಿಯಿರುವವರನ್ನಷ್ಟೇ ಆರಿಸಿಕೊಳ್ಳುವ ಮನೆಯಲ್ಲಿ ಕಡಿಮೆಯಿರಬಹುದು. ಕೇಳಬೇಕಾದದ್ದು ಸತ್ತವನ ದೇಹದಲ್ಲಿ ಹುಣ್ಣಿತ್ತೇ, ಕಡೆಯ ಮೂರು ತಿಂಗಳಲ್ಲಿ ಅವನ ತೂಕ ಎಷ್ಟು ಇಳಿದಿತ್ತು, ಜ್ವರ ಬಂದ ಎಷ್ಟು ಹೊತ್ತಿಗೆ ವೈದ್ಯರು ನೋಡಿದರು, ನೋವಿಗೆ ಔಷಧ ಸಿಕ್ಕಿತೇ ಎಂಬುದನ್ನು.

ಅಳತೆಯನ್ನು ಪ್ರಕಟಿಸಿದ ಮಾತ್ರಕ್ಕೆ ಗುಣ ಸುಧಾರಿಸುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದಲ್ಲಿ 1987ರ ಸುಧಾರಣಾ ಕಾಯ್ದೆ ಶುಶ್ರೂಷಾಲಯಗಳಲ್ಲಿ ವೃದ್ಧರನ್ನು ಕಟ್ಟಿಹಾಕುವುದಕ್ಕೆ ಮಿತಿ ಹಾಕಿತು. ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿಯನ್ನು ವಿಧಿಸಿತು. ತಪಾಸಣೆಯ ದೃಷ್ಟಿಯನ್ನು ಕಟ್ಟಡದಿಂದ ನಿವಾಸಿಯ ಸ್ಥಿತಿಯ ಕಡೆಗೆ ತಿರುಗಿಸಿತು. 2008ರಲ್ಲಿ ಒಂದರಿಂದ ಐದು ನಕ್ಷತ್ರಗಳವರೆಗೆ ದರ್ಜೆ ಕೊಡುವ ಪದ್ಧತಿ ಬಂತು. ಆದರೆ ಸಿಬ್ಬಂದಿಯ ಸಂಖ್ಯೆಯನ್ನು ಆಯಾ ಮನೆಗಳೇ ಬರೆದುಕೊಡುತ್ತಿದ್ದುದರಿಂದ ನಕ್ಷತ್ರಗಳು ನಿಜಕ್ಕಿಂತ ಹೆಚ್ಚು ಹೊಳೆದವು ಎಂಬ ಟೀಕೆ 2014ರ ಹೊತ್ತಿಗೆ ಬಲವಾಯಿತು. 2016ರಿಂದ ಸಂಬಳದ ಪಟ್ಟಿಯನ್ನು ಆಧರಿಸಿದ ದಾಖಲೆಯನ್ನು ಕಡ್ಡಾಯ ಮಾಡಿದಾಗ, ಶನಿವಾರ ಭಾನುವಾರಗಳಲ್ಲಿ ಸಿಬ್ಬಂದಿ ಎಷ್ಟು ಇಳಿಯುತ್ತದೆ ಎಂಬುದು ಹೊರಬಿತ್ತು. ಹೇರಳ ಹಣವಿರುವ ದೇಶಕ್ಕೂ ಈ ಪಾಠ ಕಲಿಯಲು ದಶಕಗಳು ಹಿಡಿದವು. ಇಲ್ಲಿ ಮಾನದಂಡ ರಚಿಸುವವರು ಅದನ್ನು ಮೊದಲೇ ತಿಳಿದಿದ್ದರೆ ಒಳಿತು: ಹಾಜರಿ ಪುಸ್ತಕವನ್ನು ಸಂಬಳದ ಪಟ್ಟಿಯೊಡನೆ ಹೋಲಿಸಬೇಕು, ಭೇಟಿ ಮುನ್ಸೂಚನೆಯಿಲ್ಲದೆ, ರಾತ್ರಿಯಲ್ಲಿ, ರಜಾದಿನದಲ್ಲಿ ನಡೆಯಬೇಕು. ಮನೆಗಳಿಗೆ ಕನಿಷ್ಠ ಗುಣಮಟ್ಟವನ್ನು ಕಾಯ್ದೆಯಲ್ಲೇ ಸೇರಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆಯೊಂದು ಮಂಡಿತವಾಯಿತು. ಅದು ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು.

ಈ ವಿಮರ್ಶೆಗೆ ಎರಡು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು, ವೃದ್ಧರನ್ನು ಮನೆಯವರೇ ನೋಡಿಕೊಳ್ಳಬೇಕು, ಆಶ್ರಯಗೃಹಗಳನ್ನು ಸುಧಾರಿಸಿದಷ್ಟೂ ಮಕ್ಕಳು ಹೊಣೆ ಜಾರಿಸುತ್ತಾರೆ ಎಂಬುದು. ಮಕ್ಕಳ ಕರ್ತವ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ 19ನೆಯ ಕಲಮು ಹೇಳುವುದು ನಿರ್ಗತಿಕರ ಮಾತನ್ನು. ಅವರಲ್ಲಿ ಮಕ್ಕಳಿಲ್ಲದ ವಿಧವೆಯರಿದ್ದಾರೆ, ಮಕ್ಕಳನ್ನು ಕಳೆದುಕೊಂಡವರಿದ್ದಾರೆ, ಕೂಲಿಗೆ ಹೋಗದಿದ್ದರೆ ಅಂದಿನ ಗಂಜಿಗೂ ಗತಿಯಿಲ್ಲದ ಮಕ್ಕಳನ್ನು ಪಡೆದವರಿದ್ದಾರೆ. ಅವರನ್ನು ಕೆಟ್ಟದಾಗಿ ನೋಡಿಕೊಂಡರೆ ಬೇರೆ ಮನೆಗಳ ಮಕ್ಕಳು ಕರ್ತವ್ಯನಿಷ್ಠರಾಗುತ್ತಾರೆ ಎಂಬ ವಾದ ಒಬ್ಬರ ನೋವನ್ನು ಇನ್ನೊಬ್ಬರ ಪಾಠಕ್ಕೆ ಬಳಸುವ ವಾದ. ಅಹಿಂಸೆಯನ್ನು ಒಪ್ಪಿದವರು ಅದನ್ನು ಒಪ್ಪಲಾರರು.

ಎರಡನೆಯದು ಹಣದ ಆಕ್ಷೇಪ. ಸಿಬ್ಬಂದಿಗೆ ಹಣ ಬೇಕೆಂಬುದು ನಿಜ. ಆದರೆ ಖರ್ಚಿಲ್ಲದ ಅಳತೆಗಳೂ ಹಲವಿವೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ತೂಗಿ ಬರೆದಿಡಲು ಒಂದು ತಕ್ಕಡಿ ಸಾಕು. ಹಲ್ಲಿಲ್ಲದವರಿಗೆ ಮುದ್ದೆಯನ್ನು ಮೆತ್ತಗೆ ತಿರುವಿ ಸಾರಿನಲ್ಲಿ ಅದ್ದಿ ಕೊಡಲು ಬೇಕಾದದ್ದು ವ್ಯವಧಾನ. ರಾತ್ರಿ ಶೌಚಕ್ಕೆ ಕರೆದರೆ ಯಾರಾದರೂ ಬರುತ್ತಾರೆಯೇ ಎಂದು ನಿವಾಸಿಗಳನ್ನು ಒಬ್ಬೊಬ್ಬರನ್ನಾಗಿ, ಮೇಲ್ವಿಚಾರಕರು ಎದುರಿಲ್ಲದಾಗ ಕೇಳಬಹುದು. ತಂದ ಪೆಟ್ಟಿಗೆಯ ಬೀಗದ ಕೈ ಅವರ ಬಳಿಯೇ ಇದೆಯೇ, ಪಿಂಚಣಿ ಯಾರ ಕೈ ಸೇರುತ್ತಿದೆ ಎಂದು ನೋಡಬಹುದು. ಉಪಚರಿಸುವವರಿಗೆ ಅವರ ನುಡಿ ತಿಳಿಯುವುದೇ ಎಂಬುದನ್ನೂ ಕೇಳಬೇಕು; ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಬಂದ ಜೇನುಕುರುಬ ಹಿರಿಯನಿಗೆ ನೋವು ಎಲ್ಲಿ ಎಂದು ತಿಳಿಸುವ ಮಾತು ಪಟ್ಟಣದ ದಾದಿಗೆ ಅರ್ಥವಾಗದಿರಬಹುದು.

ಕೊಪ್ಪದ ಮಗ್ಗುಲಿನ ಬೈಲಕುಪ್ಪೆಯಲ್ಲಿ ಈ ಕಡೆಯ ಪ್ರಶ್ನೆಗೆ ಸಂಬಂಧಿಸಿದ ಅನುಭವವೊಂದಿದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ನೆಲದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. 1969ರಲ್ಲಿ ಎರಡನೆಯದು ಬಂತು. ದೇಶ ಬಿಟ್ಟು ಬಂದವರಲ್ಲಿ ಕುಟುಂಬ ಕಳೆದುಕೊಂಡ ಹಿರಿಯರಿಗೆ ಅವರದೇ ಆಡಳಿತ ವೃದ್ಧಗೃಹದ ಏರ್ಪಾಟು ಮಾಡಿತು. ತಮ್ಮ ನುಡಿ, ತಮ್ಮ ಊಟ, ತಮ್ಮ ಜಪಮಾಲೆಗಳ ನಡುವೆ, ತಮ್ಮವರು ಓಡಾಡುವ ದಾರಿಯಲ್ಲೇ ಹಿರಿಯರು ಬಾಳುವುದು ಸಾಧ್ಯವೆಂಬುದನ್ನು ಅದು ತೋರಿಸಿತು. ಇದರಿಂದ ಅಂಥ ಮನೆಗಳಿಗೆ ತಪಾಸಣೆ ಬೇಡವೆಂದಾಗುವುದಿಲ್ಲ. ಅಲ್ಲಿನ ಕಿರಿಯರೂ ಈಗ ಪಶ್ಚಿಮದ ದೇಶಗಳಿಗೆ ವಲಸೆ ಹೋಗುತ್ತಿದ್ದಾರೆ. ಹೊಗೆಸೊಪ್ಪಿನ ಹೊಲದ ಮನೆಗೂ ಮಠದ ನೆರಳಿನ ಮನೆಗೂ ಕಷ್ಟ ಒಂದೇ ಆಗುತ್ತಿದೆ.

ಸಣ್ಣದಾದ ಮಾತ್ರಕ್ಕೆ ಮನೆ ಒಳ್ಳೆಯದಾಗುವುದಿಲ್ಲ. 25 ಮಂದಿಯ ಮನೆಗೆ ತರಬೇತಾದ ದಾದಿಯನ್ನು ಒದಗಿಸುವುದು ದೊಡ್ಡ ಮನೆಗಿಂತ ಕಷ್ಟ. ಆದರೂ ತಾಲ್ಲೂಕಿಗೊಂದು ಸಣ್ಣ ಮನೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾದಿಯ ನಿಯತ ಭೇಟಿ, ಗಡಿಯಂಚಿನವರಿಗೆ ಪಕ್ಕದ ಜಿಲ್ಲೆಯ ಮನೆಗೂ ಪ್ರವೇಶ ಎಂಬ ಏರ್ಪಾಟು 150ರ ಏಕೈಕ ಮನೆಗಿಂತ ಮೇಲು. ಏಕೆಂದರೆ ಅಲ್ಲಿಗೆ ಪರಿಚಿತರು ಬರುತ್ತಾರೆ, ಬಂದವರು ನೋಡುತ್ತಾರೆ, ನೋಡಿದ್ದನ್ನು ಊರಲ್ಲಿ ಹೇಳುತ್ತಾರೆ. ಕಾಯ್ದೆಯನ್ನು ಜಾರಿಗೊಳಿಸುವ ಅಧಿಕಾರ ಹಾಗೂ ಕರ್ತವ್ಯಗಳನ್ನು ರಾಜ್ಯ ಸರ್ಕಾರವು ಜಿಲ್ಲಾಧಿಕಾರಿಗಳಿಗೆ ವಹಿಸಬಹುದೆಂದು 22ನೆಯ ಕಲಮು ಹೇಳುತ್ತದೆ. ಮನೆಯಿಂದ ಮನೆಗೆ ಹೋಗಿ ನೋಡಿಬರುವ ಸಮಿತಿಯಲ್ಲಿ ಗ್ರಾಮ ಪಂಚಾಯತಿಯವರಿಗೂ ಊರಿನ ಹಿರಿಯ ಹೆಂಗಸರಿಗೂ ಸ್ಥಾನ ಕೊಡಲು ಹೊಸ ಕಾನೂನು ಬೇಕಿಲ್ಲ. ಆ ಸಮಿತಿ ಮೊದಲು ನೋಡಬೇಕಾದದ್ದು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದವರನ್ನಲ್ಲ. ಒಳಗೆ, ಕಡೆಯ ಕೋಣೆಯಲ್ಲಿ, ಎದ್ದು ಬರಲಾರದೆ ಮಲಗಿರುವವರನ್ನು.